ಅಂಗಳದಲ್ಲಿ ಪಿಕಪ್, ಟ್ರ್ಯಾಕ್ಟರ್ ರಿವರ್ಸ್: ಚಿಕ್ಕ ಮಕ್ಕಳಿರುವ ಮನೆಯಲ್ಲಿ ಏನೇನು ಮಾಡಬೇಕು?

ಶ್ರೀನಿವಾಸಪುರ_ತೋಟ

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರದ ಹತ್ತಿರದ ಹಳ್ಳಿ ಮನೆ. ರಸ್ತೆಯಿಂದ ಬಾಗಿಲವರೆಗೆ ಅಂಗಳ 40 ಅಡಿ ಉದ್ದ, 22 ಅಡಿ ಅಗಲ, ರಸ್ತೆ ಕಡೆಗೆ ಸ್ವಲ್ಪ ಇಳಿಜಾರು. ಟೊಮೊಟೊ ಸಾಗಿಸುವ ಪಿಕಪ್ ಒಂದು, ಟ್ರೈಲರ್ ಸಮೇತ ಟ್ರ್ಯಾಕ್ಟರ್ ಒಂದು ಇಲ್ಲೇ ನಿಲ್ಲುತ್ತವೆ. ಮನೆಯಲ್ಲಿ ಒಂದೂವರೆ ವರ್ಷದ ಮತ್ತು ಮೂರೂವರೆ ವರ್ಷದ ಮಕ್ಕಳು. ದೊಡ್ಡದು ಕೆಳಗಿನ ಚಿಲಕ ತಾನೇ ತೆಗೆಯುತ್ತೆ.

ಮೂರು ಪ್ರಶ್ನೆ. ಪಿಕಪ್‌ಗೆ ಸೆನ್ಸರ್ ಸಾಕಾ, ಕ್ಯಾಮೆರಾ ಬೇಕಾ? ಟ್ರೈಲರ್ ರಿವರ್ಸ್‌ಗೆ ಏನು ದಾರಿ? ಅಂಗಳದಲ್ಲಿ ಬೇಲಿ ಹಾಕಿದರೆ ಎಲ್ಲಿ, ಎಷ್ಟು ಎತ್ತರ?

ಡ್ರೈವಿಂಗ್_ಮಾಸ್ಟರ್_ಕೋಲಾರ

ಸಾರ್, ಏನಾದರೂ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಅಳತೆ ಮಾಡಿ. ವರ್ಷದ ಮಗು ಹೆಚ್ಚುಕಡಿಮೆ 75 ಸೆಂಟಿಮೀಟರ್ ಎತ್ತರ, ಎರಡು ವರ್ಷದ್ದು 85. ಒಂದು ಕೋಲನ್ನು 75 ಸೆಂಟಿಮೀಟರ್‌ಗೆ ಕತ್ತರಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ. ಡ್ರೈವರ್ ಸೀಟಿನಲ್ಲಿ ಕೂತಿರಲಿ, ಇನ್ನೊಬ್ಬರು ಆ ಕೋಲನ್ನು ನೆಟ್ಟಗೆ ಹಿಡಿದು ಪಿಕಪ್‌ನ ಹಿಂಭಾಗದಿಂದ ದೂರ ದೂರ ಹೋಗಲಿ. ಬಟ್ಟೆ ಮೊದಲು ಕಂಡ ಜಾಗಕ್ಕೆ ಸುಣ್ಣದ ಗೆರೆ ಎಳೆಯಿರಿ. ಗಾಡಿ ಖಾಲಿ ಇದ್ದಾಗ ಒಂದು ಸಲ, ಕ್ರೇಟ್ ತುಂಬಿದಾಗ ಇನ್ನೊಂದು ಸಲ. ಕ್ರೇಟ್ ತುಂಬಿದ ಮೇಲೆ ಒಳಗಿನ ಕನ್ನಡಿಯಲ್ಲಿ ಹಿಂದಿನದು ಏನೂ ಕಾಣುವುದಿಲ್ಲ. ಎರಡು ಪಕ್ಕದ ಕನ್ನಡಿಗಳ ನಡುವಿನ ಜಾಗ ಗೇಟಿನವರೆಗೂ ಕುರುಡಾಗಿರಬಹುದು. ಇದೇ ಅಳತೆಯನ್ನು ಬಾನೆಟ್ ಮುಂದೆಯೂ ಮಾಡಿ. ಎತ್ತರದ ಗಾಡಿಯ ಮೂತಿಯ ಮುಂದೆ ಕೂತ ಮಗು ಕೂಡ ಕಾಣುವುದಿಲ್ಲ.

ಇನ್ನು ಕ್ರಮ. ಕೀಲಿ ಕೈಗೆ ತೆಗೆದುಕೊಳ್ಳುವ ಮೊದಲೇ ಮಕ್ಕಳು ಯಾರ ಕೈಯಲ್ಲಿದ್ದಾರೆ ಎಂದು ನೋಡಬೇಕು. «ಒಳಗಿದ್ದಾರೆ» ಅನ್ನೋ ಉತ್ತರ ಸಾಲದು. ಕೈ ಹಿಡಿದವರು ಡ್ರೈವರ್ ಕಣ್ಣಿಗೆ ಕಾಣಬೇಕು. ಆಮೇಲೆ ಗಾಡಿಯನ್ನು ಒಂದು ಸುತ್ತು ಹಾಕಿ, ಕೆಳಗೂ ಬಗ್ಗಿ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಅಂಗಳಕ್ಕೆ ಇರೋ ಒಂದೇ ನೆರಳು ಗಾಡಿಯದ್ದು. ಕೋಳಿ, ನಾಯಿ, ಮಗು ಎಲ್ಲ ಅಲ್ಲೇ ಸೇರುತ್ತವೆ. ಸುತ್ತು ಹಾಕಿದ ತಕ್ಷಣ ಹೊರಡಬೇಕು. ನಡುವೆ ಫೋನ್ ಬಂದು ಎರಡು ನಿಮಿಷ ಮಾತಾಡಿದರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೆ ಇಳಿಯಬೇಕು. ಕಿಟಕಿ ಎರಡೂ ಇಳಿಸಿ, ಹಾಡು ನಿಲ್ಲಿಸಿ.

ರಿವರ್ಸ್‌ಗೆ ದಾರಿ ತೋರಿಸುವವರು ಒಬ್ಬರೇ ಇರಲಿ, ಅದೂ ಗಾಡಿಯ ಹಿಂದೆ ಅಲ್ಲ. ಡ್ರೈವರ್ ಕಡೆಯ ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ ನಿಲ್ಲಬೇಕು. ಅವರು ಕನ್ನಡಿಯಿಂದ ಮರೆಯಾದರೆ ಬ್ರೇಕ್. ಇನ್ನೊಂದು ಮುಖ್ಯ ವಿಷಯ: «ರೈಟ್» ಅಂತ ಕೂಗಬೇಡಿ. ನಮ್ಮಲ್ಲಿ ರೈಟ್ ಅಂದರೆ ಹೋಗು ಅಂತಲೂ ಅರ್ಥ, ಬಲಕ್ಕೆ ಅಂತಲೂ ಅರ್ಥ. «ಬರ್ಲಿ», «ಹೋಲ್ಡಾನ್» ಎರಡೇ ಮಾತು ಸಾಕು, ಜೊತೆಗೆ ಕೈ ಎತ್ತಿದರೆ ನಿಲ್ಲು. ಮಗುವನ್ನು ಹಿಡಿದವರಿಗೇ ಈ ಕೆಲಸವನ್ನೂ ಕೊಡಬೇಡಿ.

ವೇಗದ ಲೆಕ್ಕ: ಗಂಟೆಗೆ 5 ಕಿಲೋಮೀಟರ್ ಅಂದರೆ ಸೆಕೆಂಡಿಗೆ 1.4 ಮೀಟರ್. ಕಂಡು, ತಿಳಿದು, ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಆದರೂ ಗಾಡಿ ಎರಡು ಮೀಟರ್ ಬಂದಿರುತ್ತೆ. ಹಾಗಾಗಿ ಆಕ್ಸಿಲರೇಟರ್ ಮುಟ್ಟದೆ, ಕಾಲು ಬ್ರೇಕ್ ಮೇಲೆ ಇಟ್ಟುಕೊಂಡು ಕ್ಲಚ್‌ನಲ್ಲೇ ಬನ್ನಿ.

ಆಟೋ_ಎಲೆಕ್ಟ್ರಿಕಲ್_ಚಿಂತಾಮಣಿ

ಸೆನ್ಸರ್ ವಿಷಯ ನಾನು ಹೇಳುತ್ತೇನೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಪ್ಯಾಸೆಂಜರ್ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಅದಕ್ಕಿಂತ ಹಳೆಯ ಗಾಡಿಯಲ್ಲಿ ಇದ್ದೇ ಇರುತ್ತೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾನೇ ಕಡ್ಡಾಯ ಮಾಡಿದ್ದಾರೆ. ಅಂಗಳದಲ್ಲಿ ಮಕ್ಕಳಿಗೆ ಆಗುವ ಅಪಘಾತಗಳೇ ಆ ಕಾನೂನಿಗೆ ಕಾರಣ. ಎರಡರಲ್ಲಿ ಒಂದನ್ನೇ ಹಾಕಿಸೋದಾದರೆ ನನ್ನ ಮಾತು ಕ್ಯಾಮೆರಾ.

ಯಾಕೆಂದರೆ ಸೆನ್ಸರ್ ಕೆಲಸ ಮಾಡೋದು ಶಬ್ದದ ಪ್ರತಿಧ್ವನಿಯಿಂದ. ಗೋಡೆ, ಕಂಬ ಚೆನ್ನಾಗಿ ಹಿಡಿಯುತ್ತೆ. ಮಗುವಿನ ಮೈ ತೆಳ್ಳಗೆ, ಉಣ್ಣೆ ಅಥವಾ ದಪ್ಪ ಹತ್ತಿ ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತೆ. ಪ್ಯಾಕೆಟ್ ಮೇಲೆ ಎರಡೂವರೆ ಮೀಟರ್ ಅಂತ ಬರೆದಿದ್ದರೂ ಮಗುವಿಗೆ ಅಷ್ಟು ದೂರದಿಂದ ಕೂಗುತ್ತೆ ಅಂತ ನಂಬಬೇಡಿ. ಮೇಲೆ ಮಾಸ್ಟರ್ ಹೇಳಿದ ಎರಡು ಮೀಟರ್ ಲೆಕ್ಕ ಇದರ ಪಕ್ಕದಲ್ಲಿಟ್ಟು ನೋಡಿ: ಬೀಪ್ ಕೇಳಿ ಬ್ರೇಕ್ ಹಾಕುವ ಹೊತ್ತಿಗೆ ಜಾಗ ಮುಗಿದಿರುತ್ತೆ. ಕೂತ ಮಗು ಸೆನ್ಸರ್‌ನ ಕೆಳಗೇ ಉಳಿದುಬಿಡುತ್ತೆ.

ಹಾಕಿಸುವುದಾದರೆ ನಾಲ್ಕು ಸೆನ್ಸರ್ ಕಿಟ್, ನೆಲದಿಂದ 50–60 ಸೆಂಟಿಮೀಟರ್ ಎತ್ತರದಲ್ಲಿ. ಪಿಕಪ್ ಹಿಂದೆ ಕಬ್ಬಿಣದ ಪಟ್ಟಿ ಇರೋದರಿಂದ ಸೆನ್ಸರ್ ಸುತ್ತ ರಬ್ಬರ್ ರಿಂಗ್ ಇಲ್ಲದಿದ್ದರೆ ಅದುರಾಟಕ್ಕೇ ಸುಮ್ಮನೆ ಕೂಗುತ್ತೆ. ಆಮೇಲೆ ಜನ ತಲೆನೋವು ಅಂತ ವೈರ್ ಕಿತ್ತುಹಾಕುತ್ತಾರೆ. ಸೆನ್ಸರ್ ಮೇಲೆ «ಮೇಲ್ಭಾಗ» ಗುರುತು ಇರುತ್ತೆ, ತಲೆಕೆಳಗಾದರೆ ನೆಲವನ್ನೇ ಓದುತ್ತೆ. ಪವರ್ ರಿವರ್ಸ್ ಲೈಟಿನ ವೈರ್‌ನಿಂದ ತೆಗೆಯುತ್ತಾರೆ. ರಿವರ್ಸ್ ಸ್ವಿಚ್ ಕೆಟ್ಟರೆ ಲೈಟ್, ಸೆನ್ಸರ್, ಕ್ಯಾಮೆರಾ ಮೂರೂ ಒಟ್ಟಿಗೆ ಸತ್ತಿರುತ್ತವೆ. ಸದ್ದು ಇಲ್ಲ ಅಂದರೆ ಹಿಂದೆ ಯಾರೂ ಇಲ್ಲ ಅಂತಲ್ಲ, ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿ.

ಕ್ಯಾಮೆರಾವನ್ನು ಹಿಂದಿನ ಬಾಗಿಲಿನ ಮೇಲೆ ಕೂರಿಸಬೇಡಿ. ಬಾಗಿಲು ಇಳಿಸಿ ಓಡಿಸಿದರೆ ಅದು ನೆಲ ನೋಡುತ್ತೆ. ಬಾಡಿಯ ಹಿಂದಿನ ಕಮಾನಿನ ಮೇಲ್ತುದಿಯಲ್ಲಿ, ಕೆಳಮುಖವಾಗಿ ಹಾಕಿಸಿ. ಆ ಕೆಂಪು ಬಟ್ಟೆಯ ಕೋಲನ್ನು ಗಾಡಿಗೆ ಒಂದು ಅಡಿ ಹತ್ತಿರ, ಎರಡೂ ಮೂಲೆಯಲ್ಲಿ ಮತ್ತು ನಡುವೆ ಇಟ್ಟು ಪರದೆಯಲ್ಲಿ ಕಾಣುತ್ತಾ ನೋಡಿದ ಮೇಲೇ ಹಣ ಕೊಡಿ. ಧೂಳಿಗೆ ಲೆನ್ಸ್ ಎರಡೇ ದಿನಕ್ಕೆ ಮಂಕಾಗುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಮೆರಾ ಪಕ್ಕಗಳನ್ನು ತೋರಿಸೋಲ್ಲ. ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ ಬಂದ ಮಗು ಅದಕ್ಕೆ ಕಾಣಲ್ಲ.

ಶ್ರೀನಿವಾಸಪುರ_ತೋಟ

ತುಂಬಾ ಧನ್ಯವಾದ. ಬರುವಾಗಲೇ ರಿವರ್ಸ್‌ನಲ್ಲಿ ಒಳಗೆ ನಿಲ್ಲಿಸಿ, ಹೊರಡುವಾಗ ನೇರ ಹೋದರೆ ಒಳ್ಳೇದಲ್ವಾ?

ಅಂಗನವಾಡಿ_ಬಂಗಾರಪೇಟೆ

ಅಣ್ಣ, ಅರ್ಧ ಮಾತ್ರ ಸರಿ. ಹೊರಡುವಾಗ ಮುಂದೆ ಕಾಣುತ್ತೆ, ಅದು ನಿಜ. ಆದರೆ ಮಕ್ಕಳು ಓಡಿಬರೋದು ಗಾಡಿ ಬಂದಾಗಲೇ. ಅಪ್ಪನ ಗಾಡಿಯ ಸದ್ದು ಮಗುವಿಗೆ ಬೀದಿಯಿಂದಲೇ ಗೊತ್ತಾಗುತ್ತೆ. ಹಾರನ್ ಹೊಡೆದರೆ ದೂರ ಸರಿಯುತ್ತೆ ಅನ್ನೋದು ದೊಡ್ಡವರ ಲೆಕ್ಕ. ಎರಡು ವರ್ಷದ ಮಗುವಿಗೆ ಹಾರನ್ ಅಂದರೆ ಅಪ್ಪ ಬಂದ. ರಿವರ್ಸ್‌ಗೆ ಹಾಡಿನ ಹಾರನ್ ಹಾಕಿಸಿದ್ದರೆ ದಯವಿಟ್ಟು ಇವತ್ತೇ ತೆಗೆಸಿ, ಅದು ಮಗುವನ್ನು ಕರೆಯುತ್ತೆ.

ಆದ್ದರಿಂದ ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಫೋನ್ ಮಾಡಿ ಅಥವಾ ಇಳಿದು ಕೂಗಿ. ಒಬ್ಬರು ಮಕ್ಕಳನ್ನು ಎತ್ತಿಕೊಂಡು ಜಗಲಿ ಮೇಲೆ ನಿಂತದ್ದು ಕಂಡ ಮೇಲೆ ಒಳಗೆ ತನ್ನಿ. ಹೊರಡುವಾಗಲೂ ಅಪಾಯ ಇದೆ. ಟಾಟಾ ಮಾಡಿ ಒಳಗೆ ಹೋದ ಮಗು ಇನ್ನೊಂದು ಸಲ ಟಾಟಾ ಮಾಡಲು ತಿರುಗಿ ಬರುತ್ತೆ. ಗಾಡಿ ರಸ್ತೆ ಸೇರುವವರೆಗೂ ಹಿಡಿದ ಕೈ ಬಿಡಬಾರದು. ನೆಂಟರು ಬಂದ ದಿನ, ಹಬ್ಬದ ದಿನ ಇನ್ನೂ ಜಾಸ್ತಿ ಎಚ್ಚರ. ಮನೆ ತುಂಬ ಜನ ಇದ್ದಾಗ ಮಗು ಯಾರದೋ ಕೈಯಲ್ಲಿದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅವತ್ತು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ.

ಅಕಸ್ಮಾತ್ ತಗುಲಿಬಿಟ್ಟರೆ: ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮಗು ಚಕ್ರದ ಹತ್ತಿರ ಸಿಕ್ಕಿದ್ದರೆ ಗಾಬರಿಯಲ್ಲಿ ಮುಂದಕ್ಕೋ ಹಿಂದಕ್ಕೋ ಉರುಳಿಸಬೇಡಿ, ಚಕ್ರಕ್ಕೆ ಕಲ್ಲು ಕೊಟ್ಟು ಜಾಕ್‌ನಿಂದಲೋ ಜನರ ಕೈಯಿಂದಲೋ ಎತ್ತಿ. 108ಕ್ಕೆ ಕರೆ ಮಾಡಿ. ಚಿಕ್ಕ ಮಕ್ಕಳ ಪಕ್ಕೆಲುಬು ಮೆತ್ತಗೆ ಬಾಗುತ್ತೆ, ಮುರಿಯದೇ ಒಳಗಿನ ಶ್ವಾಸಕೋಶ, ಲಿವರ್‌ಗೆ ಪೆಟ್ಟಾಗಿರುತ್ತೆ. ಮೇಲೆ ಗಾಯ ಇಲ್ಲ, ಅಳು ನಿಲ್ಲಿಸಿತು ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ನೀರು, ಹಾಲು ಏನೂ ಕುಡಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಳಬಾಗಿಲು_ಟ್ರ್ಯಾಕ್ಟರ್

ಟ್ರೈಲರ್ ಬಗ್ಗೆ ಒಂದೇ ಮಾತು: ಮಕ್ಕಳಿರುವ ಅಂಗಳದಲ್ಲಿ ಅದನ್ನು ರಿವರ್ಸ್ ಮಾಡಬೇಡಿ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಹಿಂಭಾಗ ಬಲಕ್ಕೆ ಹೋಗುತ್ತೆ. ಡ್ರೈವರ್ ಕಣ್ಣು ಒಂದು ಮೂಲೆ ಮೇಲಿರುವಾಗ ಇನ್ನೊಂದು ಮೂಲೆ ಗೋಡೆ ಕಡೆ ಬೀಸಿಕೊಂಡು ಬರುತ್ತೆ, ಗೋಡೆಗೂ ಟ್ರೈಲರಿಗೂ ನಡುವೆ ಯಾರಿದ್ದರೂ ಗೊತ್ತಾಗಲ್ಲ. ತೋಟದ ಶೆಡ್ಡಿನಲ್ಲೇ ಟ್ರೈಲರ್ ಕಳಚಿಟ್ಟು ಟ್ರ್ಯಾಕ್ಟರ್ ಮಾತ್ರ ಮನೆಗೆ ತನ್ನಿ.

ಕಳಚಿದ ಎರಡು ಚಕ್ರದ ಟ್ರೈಲರ್ ಕೂಡ ಮಕ್ಕಳಿಗೆ ಆಟದ ಸಾಮಾನಾಗುತ್ತೆ. ಹಿಂದಿನ ತುದಿಗೆ ನಾಲ್ಕು ಮಕ್ಕಳು ಹತ್ತಿದರೆ ಮೂತಿ ಎದ್ದು, ಇಳಿದಾಗ ಕೆಳಗಿದ್ದವರ ಮೇಲೆ ಬೀಳುತ್ತೆ. ಎರಡೂ ಚಕ್ರಕ್ಕೆ ಮುಂದೂ ಹಿಂದೂ ಕಲ್ಲು, ಮೂತಿಗೆ ಸ್ಟ್ಯಾಂಡ್, ಹಿಂಬದಿಗೂ ಒಂದು ದಿಮ್ಮಿ ಕೊಡಿ.

ಟ್ರ್ಯಾಕ್ಟರ್‌ಗೆ ಎಡ, ಬಲ ಬ್ರೇಕ್ ಬೇರೆ ಬೇರೆ. ಉಳುಮೆ ಮುಗಿಸಿ ಬರುವಾಗ ಎರಡು ಪೆಡಲ್ ಸೇರಿಸುವ ಲಾಕ್ ಹಾಕದಿದ್ದರೆ ಅವಸರದಲ್ಲಿ ಒಂದನ್ನೇ ತುಳಿದು ಗಾಡಿ ಪಕ್ಕಕ್ಕೆ ತಿರುಗುತ್ತೆ. ಮಡ್‌ಗಾರ್ಡ್ ಮೇಲೆ ಮಗು ಕೂರಿಸಬೇಡಿ. ಸ್ಕ್ರೂಡ್ರೈವರ್‌ನಿಂದ ಸೆಲ್ಫ್ (ಸ್ಟಾರ್ಟರ್ ಮೋಟರ್) ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಅಭ್ಯಾಸ ಇದ್ದರೆ ಬಿಡಿ, ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಹಾರುತ್ತೆ. ನಿಮ್ಮ ಅಂಗಳ ಇಳಿಜಾರಾದ್ದರಿಂದ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್, ಗೇರ್, ಕಲ್ಲು ಮೂರೂ ಬೇಕು. ಕೀಲಿ ಗಾಡಿಯಲ್ಲಿ ಬಿಡಬೇಡಿ.

ವೆಲ್ಡಿಂಗ್_ಮಾಲೂರು

ಬೇಲಿ ಗಾಡಿ ಜಾಗಕ್ಕೂ ಜಗಲಿಗೂ ನಡುವೆ ಬರಬೇಕು, ರಸ್ತೆ ಗೇಟ್ ಅದಕ್ಕೆ ಬದಲಿ ಅಲ್ಲ. 22 ಅಡಿ ಅಗಲದಲ್ಲಿ ಗಾಡಿಗೆ 11–12 ಅಡಿ ಬಿಟ್ಟು, ಉಳಿದದ್ದು ಮಕ್ಕಳ ಓಡಾಟಕ್ಕೆ. ಎತ್ತರ ನಾಲ್ಕು ಅಡಿ. ಒಂದಿಂಚು ಚೌಕ ಪೈಪಿನ ಚೌಕಟ್ಟು, ಸರಳು ಉದ್ದುದ್ದ ಮಾತ್ರ. ಅಡ್ಡ ಸರಳು ಹಾಕಿದರೆ ಮಕ್ಕಳಿಗೆ ಏಣಿ. ಸರಳಿನ ನಡುವೆ ಸಂದು ನಾಲ್ಕು ಇಂಚಿಗಿಂತ ಕಡಿಮೆ ಇರಲಿ, ಕೆಳಗಿನ ಸಂದೂ ಅಷ್ಟೇ. ಸಣ್ಣ ಗೇಟಿಗೆ ಸ್ಪ್ರಿಂಗ್ ಹಿಂಜ್ ಹಾಕಿಸಿ, ಬಿಟ್ಟರೆ ತಾನೇ ಮುಚ್ಚಬೇಕು. ರಸ್ತೆ ಕಡೆ ಸ್ಲೈಡಿಂಗ್ ಗೇಟ್ ಇದ್ದರೆ ಹಳಿಯ ಎರಡೂ ತುದಿಯ ಸ್ಟಾಪರ್ ನೋಡಿ. ಸ್ಟಾಪರ್ ಮುರಿದ ಗೇಟ್ ಹಳಿ ಬಿಟ್ಟು ಮಗುವಿನ ಮೇಲೆ ಬೀಳುತ್ತೆ.

ಬಾಗಿಲಿಗೆ ಐದು ಅಡಿ ಎತ್ತರದಲ್ಲಿ ಒಳಗಿನಿಂದ ಇನ್ನೊಂದು ಚಿಲಕ ಹಾಕಿ.

ಶ್ರೀನಿವಾಸಪುರ_ತೋಟ

ಐದು ಅಡಿ ಚಿಲಕ ಅಜ್ಜಿಗೆ ಎಟುಕಲ್ಲ. ಹಗಲೆಲ್ಲ ಮಕ್ಕಳ ಜೊತೆ ಇರೋದು ಅವರೇ.

ವೆಲ್ಡಿಂಗ್_ಮಾಲೂರು

ಹಾಗಾದರೆ ಅಜ್ಜಿ ಕೈಗೆ ಎಟುಕುವಂತೆ, ನಾಲ್ಕೂಕಾಲು ಅಡಿಗೆ ಹಾಕಿ. ಸ್ವಲ್ಪ ಬಿಗಿಯಾದ ಟವರ್ ಬೋಲ್ಟ್ ತಗೊಳ್ಳಿ. ಬೀಗ ಬೇಡ, ಬೆಂಕಿ ಗಿಂಕಿ ಆದರೆ ಅಜ್ಜಿ ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಬಾಗಿಲ ಪಕ್ಕ ಸ್ಟೂಲ್, ಕ್ರೇಟ್ ಇಡಬೇಡಿ, ಮೂರೂವರೆ ವರ್ಷದ ಮಗು ಅದನ್ನು ಎಳೆದುಕೊಂಡು ಬಂದು ಹತ್ತುತ್ತೆ.