ಆರ್ಥಿಕತೆಯೂ ಮುಳುಗಿತು, ಸತ್ಯವೂ ಸತ್ತಿತು ಅಂತಾರೆ: ಸೊಸೈಟಿ, ಎಸ್‌ಐಪಿ, ಚಿನ್ನದ ಸ್ಕೀಮು ಎಲ್ಲ ತೆಗೆದುಬಿಡಬೇಕಾ?

ಪ್ರಶ್ನೆ: ನೀರ್ಚಾಲು_ಕರೆ

ನಮ್ಮ ಕಾಸರಗೋಡಿನ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಅಂಗಡಿ ಜಗಲಿಯಲ್ಲಿ ಕೂತರೂ ಒಂದೇ ಮಾತು. ಆರ್ಥಿಕತೆ ನೆಲಕಚ್ಚಿತು, ಶೇರು ಬರೇ ಜೂಜು, ಬ್ಯಾಂಕಿನವನೂ ಕಳ್ಳ, ಸೊಸೈಟಿಯವನೂ ಕಳ್ಳ. ಹಿಂದೆ ಬಾಯಿಮಾತಿಗೆ ಬೆಲೆ ಇತ್ತು, ಈಗ ಸ್ಟಾಂಪ್ ಪೇಪರಿಗೂ ಇಲ್ಲ. ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ಹಾಕುವ ತಿಂಗಳ ಕಂತು) ನಿಲ್ಲಿಸಿ, ಠೇವಣಿ ಮುರಿದು ಚಿನ್ನ ತೆಗೆದಿಡಿ ಎಂಬ ಉಪದೇಶ ಬೇರೆ. ತಮಾಷೆಯೆಂದರೆ, ಅದೇ ಬಾಯಿಯಿಂದ "ಒಂದು ಕಡೆ ಲಕ್ಷಕ್ಕೆ ತಿಂಗಳಿಗೆ 1,500 ಕೊಡ್ತಾರೆ, ನಮ್ಮ ಗುರ್ತದವರೇ" ಅಂತಲೂ ಬರ್ತದೆ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳಿ. ಊರಿನ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ 8 ಲಕ್ಷ ಠೇವಣಿ, ಗ್ರಾಮೀಣ ಬ್ಯಾಂಕಿನಲ್ಲಿ 4 ಲಕ್ಷ, ಎರಡು ವರ್ಷದಿಂದ ತಿಂಗಳಿಗೆ 5,000ದ ಎಸ್‌ಐಪಿ, ಆಭರಣದಂಗಡಿಯ 11 ತಿಂಗಳ ಸ್ಕೀಮು. ಇದರಲ್ಲಿ ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ? ಮೇಲೆ ಹೇಳಿದ 1,500ರದ್ದು ಎಂತ ಕಥೆ?

ಉತ್ತರ 1: ಅಡಿಕೆಲೆಕ್ಕ

ಎರಡು ರೋಗವನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ ನಿಮ್ಮ ಜಗಲಿಯವರು. ಅಡಿಕೆಯ ಕೊಳೆರೋಗಕ್ಕೆ ಹೊತ್ತಿಗೆ ಸರಿಯಾಗಿ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿದ್ದರೆ ಫಸಲು ಉಳಿಯುತ್ತದೆ. ಹಳದಿ ರೋಗ ಹಿಡಿದ ಮರಕ್ಕೆ ಅದೇ ಬೋರ್ಡೋ ಹೊಡೆದರೆ ಮೈಲುತುತ್ತೂ ದಂಡ, ಕೂಲಿಯೂ ದಂಡ. ಶೇರುಪೇಟೆ ಇಳಿಯುವುದು ಮೊದಲನೇ ಜಾತಿಯದ್ದು, ಚೇತರಿಸುವಂಥದ್ದು. ಮೋಸ ಎರಡನೆಯದ್ದು, ಮದ್ದಿಲ್ಲದ್ದು. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದರಲ್ಲಿ ಕಾಯುವುದೇ ತಪ್ಪು. ಜನ ಮಾಡುವುದು ಸರಿಯಾಗಿ ತಿರುಗಾಮುರುಗಾ.

ಪೇಟೆ ಇಳಿದದ್ದು ಹೊಸತಲ್ಲ. 2008ರ ಜನವರಿಯಲ್ಲಿ 21,000 ದಾಟಿದ್ದ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರಿಗೆ 8,000ದ ಕೆಳಗೆ ಹೋಯಿತು, 21,000 ಮತ್ತೆ ಕಂಡದ್ದು 2010ರ ನವೆಂಬರಿನಲ್ಲಿ. 2020ರ ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿತ್ತು. 2024ರ ಸೆಪ್ಟೆಂಬರ್ ಕೊನೆಗೆ 26,200 ದಾಟಿದ ಇನ್ನೊಂದು ಸೂಚ್ಯಂಕ ನಿಫ್ಟಿ 2025ರ ಮಾರ್ಚ್ ಮೊದಲಿಗೆ 22,000ದ ಆಸುಪಾಸು. ಸೂಚ್ಯಂಕ ಎದ್ದಿತು ಎಂದರೆ ಅದರೊಳಗಿನ ಪ್ರತಿ ಕಂಪನಿಯೂ ಎದ್ದಿತು ಎಂದಲ್ಲ, ಅದು ಬೇರೆ ಮಾತು. ಆದ್ದರಿಂದ ಮೂರು ವರ್ಷದೊಳಗೆ ಬೇಕಾಗುವ ಹಣ, ಮಗಳ ಮದುವೆಯದ್ದಿರಲಿ ಮನೆಯ ಮಾಡಿನದ್ದಿರಲಿ, ಶೇರಿನಲ್ಲಿ ಇರಲೇಬಾರದು. ಅದು ಆರ್ಥಿಕತೆ ಒಳ್ಳೆಯದಿದ್ದಾಗಲೂ ಇರಬಾರದು.

ನೀವು ಹೇಳಿದ ಎಸ್‌ಐಪಿಯನ್ನು ಬರೇ ನಿಲ್ಲಿಸಿದರೆ ಖರ್ಚೇನೂ ಇಲ್ಲ, ಹಾಕಿದ ಹಣ ಅಲ್ಲೇ ಇರುತ್ತದೆ. ಹೆದರಿ ಪೂರ್ತಿ ತೆಗೆದರೆ ಮಾತ್ರ ಕೈ ಸುಡುತ್ತದೆ. ಹೆಚ್ಚಿನ ಈಕ್ವಿಟಿ (ಶೇರಿನ) ಫಂಡುಗಳಲ್ಲಿ ಒಂದು ವರ್ಷದೊಳಗೆ ತೆಗೆದರೆ ಶೇ. 1 ಎಕ್ಸಿಟ್ ಲೋಡ್ (ಹೊರಬರುವ ಶುಲ್ಕ) ಇದೆ, ಮತ್ತು ಪ್ರತಿ ಕಂತಿಗೂ ಅದರದ್ದೇ ಒಂದು ವರ್ಷ. 24 ಕಂತಿನಲ್ಲಿ ಕೊನೆಯ 12 ಇನ್ನೂ ವರ್ಷ ತುಂಬದವು: 60,000ಕ್ಕೆ ಸುಮಾರು 600 ರೂಪಾಯಿ ಹೋಯಿತು. ಆ ಕಂತುಗಳಲ್ಲಿ ಲಾಭ ಇದ್ದರೆ ಶೇ. 20 ತೆರಿಗೆ. ವರ್ಷ ದಾಟಿದವುಗಳ ಲಾಭ ಒಂದು ಆರ್ಥಿಕ ವರ್ಷದಲ್ಲಿ 1.25 ಲಕ್ಷ ದಾಟಿದರೆ ಮಾತ್ರ, ದಾಟಿದ್ದಕ್ಕೆ ಮಾತ್ರ, ಶೇ. 12.5. ಇನ್ನೊಂದು: ನಿಲ್ಲಿಸುವುದಾದರೆ ಆ್ಯಪಿನಲ್ಲೇ ರದ್ದು ಮಾಡಿ. ಖಾತೆ ಖಾಲಿ ಬಿಟ್ಟು "ತಾನಾಗಿ ನಿಲ್ತದೆ" ಅಂತ ಕೂತರೆ ಪ್ರತಿ ಸಲ ಬ್ಯಾಂಕು ರಿಟರ್ನ್ ಚಾರ್ಜು ಕೀಳುತ್ತದೆ.

ಚಿನ್ನದ ಉಪದೇಶಕ್ಕೂ ಒಂದು ಲೆಕ್ಕ. ಲಕ್ಷದ ಚಿನ್ನದ ಆಭರಣಕ್ಕೆ ಮಜೂರಿ ಶೇ. 10 ಹಿಡಿದರೆ 1,10,000, ಅದರ ಮೇಲೆ ಶೇ. 3 ಜಿಎಸ್‌ಟಿ, ಒಟ್ಟು 1,13,300. ಮಾರುವಾಗ ಮಜೂರಿಗೂ ತೆರಿಗೆಗೂ ಬೆಲೆಯಿಲ್ಲ. ಹಾಕಿದ್ದು ಕೈಗೆ ಬರಬೇಕಾದರೇ ಧಾರಣೆ ಶೇ. 13ಕ್ಕಿಂತ ಹೆಚ್ಚು ಏರಬೇಕು. ಕುತ್ತಿಗೆಗೆ ಬೇಕು ಅಂತ ತೆಗೆಯುವುದು ಬೇರೆ, ಅದಕ್ಕೆ ತಕರಾರಿಲ್ಲ.

ಉತ್ತರ 2: ಪೆರ್ಲ_ಘಾಟಿ

ಠೇವಣಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಮನೆಯ ದೊಡ್ಡ ಗಂಟು ಅಲ್ಲೇ ಇದೆ, ಗಮನ ಮಾತ್ರ ಎಲ್ಲರದ್ದೂ ಶೇರಿನ ಮೇಲೆ.

ಬೋರ್ಡಿನಲ್ಲಿ "ಬ್ಯಾಂಕ್" ಎಂದಿದ್ದರೂ ನಮ್ಮ ಕಡೆಯ ಸರ್ವೀಸ್ ಸಹಕಾರಿ ಬ್ಯಾಂಕುಗಳು ಪ್ರಾಥಮಿಕ ಕೃಷಿ ಸಹಕಾರ ಸಂಘಗಳು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇವಕ್ಕಿಲ್ಲ. ಹಾಗಾಗಿ ಠೇವಣಿ ವಿಮಾ ನಿಗಮದ 5 ಲಕ್ಷದ ರಕ್ಷಣೆ ಇವಕ್ಕೆ ಬರುವುದಿಲ್ಲ. ಆ ರಕ್ಷಣೆ (2020ರ ಫೆಬ್ರವರಿವರೆಗೆ ಬರೇ 1 ಲಕ್ಷ ಇತ್ತು) ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, 2019ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನು ಸೇರಿಸಿ ಮಾಡಿದ ಕೇರಳ ಬ್ಯಾಂಕು, ಲೈಸೆನ್ಸ್ ಇರುವ ಅರ್ಬನ್ ಬ್ಯಾಂಕುಗಳಿಗೆ. ಸಂಘಗಳಿಗೆ ಕೇರಳ ಸರಕಾರದ್ದೇ ಬೇರೆ ಠೇವಣಿ ಖಾತರಿ ನಿಧಿ ಇದೆ. ನಿಮ್ಮ ಸಂಘ ಅದಕ್ಕೆ ವಂತಿಗೆ ಕಟ್ಟಿದೆಯಾ, ಮಿತಿ ಎಷ್ಟು ಎಂದು ಕಾರ್ಯದರ್ಶಿಯಲ್ಲಿ ಬರಹದಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ "ಎಲ್ಲಾ ಉಂಟು" ಅನ್ನುತ್ತಾರೆ.

5 ಲಕ್ಷ ಎಂದರೆ ಅಸಲು ಬಡ್ಡಿ ಸೇರಿ, ಒಂದೇ ಬ್ಯಾಂಕಿನ ಎಲ್ಲ ಶಾಖೆ ಸೇರಿ. ಗ್ರಾಮೀಣ ಬ್ಯಾಂಕಿನ 4 ಲಕ್ಷ ಶೇ. 7ರಲ್ಲಿ ಮೂರು ವರ್ಷಕ್ಕೆ ಸುಮಾರು 4.93 ಲಕ್ಷ ಆಗುತ್ತದೆ, ಒಳಗೇ ಇದೆ. ಅದೇ ಬ್ಯಾಂಕಿನ ಬದಿಯಡ್ಕ ಶಾಖೆಯಲ್ಲಿ ಇನ್ನೊಂದು ಲಕ್ಷ ಇಟ್ಟರೆ ಹೊರಗೆ ಹೋಯಿತು.

8 ಲಕ್ಷವನ್ನು ನಾಳೆಯೇ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಠೇವಣಿಯ ಹೆಚ್ಚಿನ ಪಾಲು ಸಾಲವಾಗಿ ಹೊರಗಿರುತ್ತದೆ, ಒಂದೇ ವಾರ ಎಲ್ಲರೂ ಸಾಲಿನಲ್ಲಿ ನಿಂತರೆ ಗಟ್ಟಿ ಸಂಘವೂ ಕೈಯೆತ್ತುತ್ತದೆ. ಜಗಲಿ ಮಾತು ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದು ಹೀಗೆ. ಮೊದಲು ಮಹಾಸಭೆಯ ವರದಿ ತೆಗೆದು ನೋಡಿ: ಆಡಿಟ್ ಯಾವ ವರ್ಷದವರೆಗೆ ಮುಗಿದಿದೆ, ಬಾಕಿ ಬಿದ್ದ ಸಾಲ ಎಷ್ಟು, ನಷ್ಟ ವರ್ಷದಿಂದ ವರ್ಷಕ್ಕೆ ಹೊತ್ತು ಬರುತ್ತಿದೆಯಾ. ಸಾಲ ಚಿನ್ನದ ಮೇಲೆ, ಕೃಷಿಗೆ ಹೋಗಿದ್ದರೆ ಒಂದು ಲೆಕ್ಕ. ಜಾಗದ ಅಡಮಾನದ ದೊಡ್ಡ ಸಾಲಗಳೇ ತುಂಬಿದ್ದರೆ ಇನ್ನೊಂದು. 2021ರಲ್ಲಿ ಹೊರಬಿದ್ದ ತೃಶ್ಶೂರಿನ ಕರುವನ್ನೂರು ಪ್ರಕರಣದ ಆರೋಪವೇ ಅದು: ಜಾಗಕ್ಕೆ ಇಲ್ಲದ ಬೆಲೆ ಕಟ್ಟಿ, ಒಂದೇ ಆಧಾರದ ಮೇಲೆ ಹಲವು ಸಾಲ. ಆಡಿಟ್ ಎರಡು ವರ್ಷ ಹಿಂದೆ ಬಿದ್ದಿದ್ದರೆ ಠೇವಣಿಗಳ ವಾಯಿದೆ ಮುಗಿದ ಹಾಗೆ ಒಂದೊಂದಾಗಿ ಬೇರೆಡೆಗೆ ಸರಿಸಿ. ಮುರಿದು ಬಡ್ಡಿ ಕಳೆದುಕೊಳ್ಳಬೇಡಿ.

ತಲಪಾಡಿಯಾಚೆಯ ಕರ್ನಾಟಕದಿಂದ ಬಂದು ಇಲ್ಲಿ ಶಾಖೆ ತೆರೆದ ಬಹುರಾಜ್ಯ ಸೌಹಾರ್ದ ಸಹಕಾರಿಗಳಿಗೆ ಇನ್ನೂ ಎಚ್ಚರ ಬೇಕು. ಅವು 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಯಡಿ ಬರುವಂಥವು, ದೂರು ಹೋಗಬೇಕಾದದ್ದು ಕೇಂದ್ರ ಸರಕಾರದ ಸಹಕಾರಿ ಒಂಬುಡ್ಸ್‌ಮನ್ನಿಗೆ ಅಥವಾ ದೆಹಲಿಯ ಕೇಂದ್ರ ರಿಜಿಸ್ಟ್ರಾರರಿಗೆ. ಕಾಸರಗೋಡಿನ ಸಹಕಾರ ಇಲಾಖೆಯ ಬಾಗಿಲು ಬಡಿದರೆ "ನಮ್ಮದಲ್ಲ" ಎಂಬ ಉತ್ತರ. ಠೇವಣಿ ವಿಮೆಯೂ ಇಲ್ಲ.

ಉತ್ತರ 3: ಮಧೂರು_ಬೈಲು

ಲಕ್ಷಕ್ಕೆ ತಿಂಗಳಿಗೆ 1,500ರ ಕಥೆ ನಾನು ಹೇಳುತ್ತೇನೆ.

ಒಬ್ಬ 1 ಕೋಟಿ ಎತ್ತಿದ ಎಂದಿಟ್ಟುಕೊಳ್ಳಿ. ಹಣ ತಂದುಕೊಟ್ಟವರಿಗೆ ಶೇ. 10 ಕಮಿಷನ್ ಹೋಗಿ 90 ಲಕ್ಷ ಉಳಿಯಿತು. ತಿಂಗಳಿಗೆ ಹಂಚಬೇಕಾದದ್ದು 1.5 ಲಕ್ಷ. ಒಂದು ರೂಪಾಯಿಯ ವ್ಯಾಪಾರ ಮಾಡದಿದ್ದರೂ, ಹೊಸಬರು ಒಬ್ಬರೂ ಸೇರದಿದ್ದರೂ 60 ತಿಂಗಳು, ಅಂದರೆ ಐದು ವರ್ಷ ಒಂದು ದಿನ ತಪ್ಪದೆ ಕೊಡಬಹುದು. ನಿಮ್ಮ ಹಣವನ್ನೇ ನಿಮಗೆ. "ಮೂರು ವರ್ಷದಿಂದ ತಾರೀಕು ತಪ್ಪಿಲ್ಲ ಮಾರಾಯ್ರೆ" ಎಂಬ ಮಾತಿನಿಂದ ಹಾಗಾಗಿ ಏನೂ ಸಾಬೀತಾಗುವುದಿಲ್ಲ. ಬೇಗ ಮುಳುಗುವುದು ಆತ ಜಾಗ, ಕಾರು ತೆಗೆದದ್ದರಿಂದ ಅಥವಾ ನಾಲ್ಕು ಜನ ಒಟ್ಟಿಗೆ ಅಸಲು ಕೇಳಿದ್ದರಿಂದ.

ನೋಡಬೇಕಾದದ್ದು ಕೊಟ್ಟ ಕಾಗದ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಶೇರು ಎಂದರೆ ಸದಸ್ಯರು 200 ಮೀರುವ ಹಾಗಿಲ್ಲ, ಸಾರ್ವಜನಿಕರಿಂದ ಹಣ ಕೇಳುವ ಹಾಗೂ ಇಲ್ಲ. ಊರಿಗೊಬ್ಬ "ಶೇರುದಾರ" ಇದ್ದರೆ ಅಲ್ಲೇ ಎಡವಟ್ಟು. ಪಾಲುದಾರಿಕೆ ಎಂದು ಸಹಿ ಹಾಕಿಸಿಕೊಂಡಿದ್ದರೆ ನೀವು ಠೇವಣಿದಾರರಲ್ಲ, ನಷ್ಟಕ್ಕೂ ಪಾಲುದಾರರು ಎಂದು ಮುಂದೆ ವಾದಿಸುತ್ತಾರೆ. ಕಂಪನಿ ವ್ಯವಹಾರ ಸಚಿವಾಲಯದ ತಾಣದಲ್ಲಿ ಹೆಸರು ಹಾಕಿ, ವಾರ್ಷಿಕ ಲೆಕ್ಕ ಕೊನೆಗೆ ಯಾವಾಗ ಸಲ್ಲಿಸಿದ್ದಾರೆ ನೋಡಿ.

11 ತಿಂಗಳ ಚಿನ್ನದ ಸ್ಕೀಮಿನ ಗುಟ್ಟು ಬೇರೆ. ಮುಂಗಡ ಹಣಕ್ಕೆ 365 ದಿನದೊಳಗೆ ಸರಕು ಕೊಡದಿದ್ದರೆ ಕಂಪನಿ ನಿಯಮದಂತೆ ಅದು ಠೇವಣಿಯಾಗಿಬಿಡುತ್ತದೆ, ಅದಕ್ಕೇ 11. ಕಾನೂನಿನ ಒಳಗೇ ಇದೆ, ಆದರೆ ಅಂಗಡಿ ಬಾಗಿಲು ಹಾಕಿದರೆ ನೀವು ಆಧಾರವಿಲ್ಲದೆ ಸಾಲ ಕೊಟ್ಟವರ ಸಾಲಿನ ಕೊನೆಯಲ್ಲಿ. ಸಣ್ಣ ಕಂತಿನದ್ದಾದರೆ ಮುಗಿಸಿ ಒಡವೆ ತೆಗೆದುಕೊಳ್ಳಿ. "ಚಿನ್ನ ನಮ್ಮಲ್ಲೇ ಇಡಿ, ತಿಂಗಳಿಗೆ ಲಾಭ ಕೊಡ್ತೇವೆ" ಎಂದರೆ ಅದು ಸ್ಕೀಮಲ್ಲ, ಮೇಲಿನ ಕಥೆಯ ಎರಡನೇ ಅಧ್ಯಾಯ.

ಇನ್ನು ನೀತಿಯ ಮಾತು. ಮಾವನ ನಿವೃತ್ತಿ ಹಣ ತಂದುಕೊಟ್ಟು ಕಮಿಷನ್ ಕಿಸೆಗೆ ಹಾಕಿಕೊಂಡವನೇ ಜಗಲಿಯಲ್ಲಿ "ಕಾಲ ಕೆಟ್ಟಿತು" ಎನ್ನುತ್ತಾನೆ. ಕೆಡಿಸಿದವರಲ್ಲಿ ಅವನೂ ಒಬ್ಬ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ, ಗೊತ್ತಿದ್ದೂ ಸುಳ್ಳು ಹೇಳಿ ಇಂಥದ್ದಕ್ಕೆ ಜನ ಸೇರಿಸಿದವನಿಗೂ 1ರಿಂದ 5 ವರ್ಷ ಜೈಲು, 10 ಲಕ್ಷದವರೆಗೆ ದಂಡ. ಹಿಂದೆ ಎಲ್ಲರೂ ಹರಿಶ್ಚಂದ್ರರಾಗಿದ್ದರು ಎಂಬುದೂ ಬರೇ ನೆನಪಿನ ದೋಷ. 1990ರ ದಶಕದಲ್ಲಿ ತೇಗದ ಗಿಡ ತೋರಿಸಿ ದುಡ್ಡೆತ್ತಿದ ಕಂಪನಿಗಳು ಎಷ್ಟು! ಕೇರಳದ ಚಿಟ್ಟಿ (ಚೀಟಿ ವ್ಯವಹಾರ) ಕಾಯ್ದೆ ಬಿಗಿ ಎಂದು ಜಮ್ಮು, ಫರೀದಾಬಾದಿನಲ್ಲಿ ನೋಂದಾಯಿಸಿ ಇಲ್ಲಿ ಚಿಟ್ಟಿ ನಡೆಸಿದವರೂ ಇದ್ದರು. ಕೇಂದ್ರದ ಚಿಟ್ಟಿ ಕಾಯ್ದೆ ಇಲ್ಲಿ ಜಾರಿಯಾದದ್ದು 2012ರಲ್ಲಿ.

ಉತ್ತರ 4: ಉಪ್ಪಳ_ಗೇಟ್

ಮಧೂರಿನವರೆ, ಒಪ್ಪಿದೆ, ಆದರೆ ಏನೂ ಬದಲಾಗಿಲ್ಲ ಎಂದರೆ ತಪ್ಪಾಗುತ್ತದೆ. ವೇಗ ಬದಲಾಗಿದೆ. ಆಗ ಮೋಸಕ್ಕೆ ಕಚೇರಿ, ಬೋರ್ಡು ಬೇಕಿತ್ತು, ಈಗ ವಾಟ್ಸಾಪ್ ಗುಂಪು ಸಾಕು. ಕಾಲೇಜು ಹುಡುಗರು ಕಮಿಷನ್ನಿಗೆ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಡುತ್ತಾರೆ. ಕದ್ದ ಹಣ ಅದರ ಮೂಲಕ ದಾಟುತ್ತದೆ, ಮೊದಲು ಪೊಲೀಸರು ಬರುವುದು ಆ ಹುಡುಗನ ಮನೆಗೆ.

ಫ್ಯೂಚರ್ಸ್, ಆಪ್ಷನ್ಸ್ (ಶೇರಿನ ಮುಂದಿನ ಬೆಲೆಯ ಮೇಲಿನ ಕರಾರು) ಆಡುವವರಿಗೆ ಶೇರುಪೇಟೆಯ ನಿಯಂತ್ರಕ ಸೆಬಿಯ ಲೆಕ್ಕವೇ ಸಾಕು: 2021–22ರಿಂದ 2023–24ರ ಮೂರು ವರ್ಷದಲ್ಲಿ 1 ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿಗೆ ನಷ್ಟ, ತಲೆಗೆ ಸರಾಸರಿ ಸುಮಾರು 2 ಲಕ್ಷ. ಇದು ಮೋಸವಲ್ಲ, ಆಟದ ಸ್ವಭಾವ. "ಶೇರು ಬರೇ ಜೂಜು" ಎನ್ನುವವರಲ್ಲಿ ಹೆಚ್ಚಿನವರು ಹಣ ಕಳೆದದ್ದು ಇಲ್ಲಿ, ಎಸ್‌ಐಪಿಯಲ್ಲಲ್ಲ.

ಟಿಪ್ಸ್ ಕೊಡುವವನ ನೋಂದಣಿ ಸಂಖ್ಯೆ ಕೇಳಿ. ಸಂಶೋಧನಾ ವಿಶ್ಲೇಷಕನದ್ದು ಐಎನ್ಎಚ್, ಸಲಹೆಗಾರನದ್ದು ಐಎನ್ಎ, ಬ್ರೋಕರಿನದ್ದು ಐಎನ್‌ಝಡ್ ಎಂದು ಶುರುವಾಗುತ್ತದೆ. ಸೆಬಿಯ ತಾಣದಲ್ಲಿ ಸಂಖ್ಯೆಯೂ ಹೆಸರೂ ತಾಳೆಯಾಗಬೇಕು, ಏಕೆಂದರೆ ಬೇರೆಯವರ ಸಂಖ್ಯೆ ಕದ್ದು ಹಾಕುವವರೂ ಇದ್ದಾರೆ. ಆ್ಯಪಿನಲ್ಲಿ 12 ಲಕ್ಷ ಲಾಭ ಕಂಡರೆ ನಂಬಬೇಡಿ, ಶೇರು ನಿಜವಾಗಿ ಇದ್ದರೆ ಶೇರಿನ ಖಾತೆ ಇಡುವ ಸಂಸ್ಥೆಗಳಾದ ಸಿಡಿಎಸ್ಎಲ್ ಅಥವಾ ಎನ್ಎಸ್‌ಡಿಎಲ್‌ನಿಂದ ನೇರ ಬರುವ ಸ್ಟೇಟ್‌ಮೆಂಟಿನಲ್ಲಿ ಇರಲೇಬೇಕು. ಹಣ ವ್ಯಕ್ತಿಯೊಬ್ಬನ ಖಾತೆಗೆ ಹಾಕಿ ಎಂದರೆ, ತೆಗೆಯಲು ಮೊದಲು "ತೆರಿಗೆ" ಕಟ್ಟಿ ಎಂದರೆ ಅಲ್ಲಿಗೇ ನಿಲ್ಲಿಸಿ. ಹೋಗಿಯೇಬಿಟ್ಟಿದ್ದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯುಟಿಆರ್ (ಹಣ ಕಳಿಸಿದ ವ್ಯವಹಾರದ) ಸಂಖ್ಯೆ ಕೈಯಲ್ಲಿರಲಿ. ಹಣ ಎರಡನೇ ಖಾತೆಗೆ ದಾಟುವ ಮೊದಲು ತಡೆಹಿಡಿದರೆ ಮಾತ್ರ ಸಿಗುವ ಆಸೆ.

ನೀರ್ಚಾಲು_ಕರೆ

ಎಲ್ಲರಿಗೂ ಉಪಕಾರ. ಸಂಘದ ವರದಿ, ರಶೀದಿಯ ಷರತ್ತು ಎಲ್ಲ ಮಲಯಾಳದಲ್ಲಿ ಉಂಟು. ಹಳಬರಿಗೆ ಓದಲು ಬರುವುದಿಲ್ಲ. ಬರಹದಲ್ಲಿ ಕೇಳಿ ಎಂದಿರಿ, ಯಾವ ಭಾಷೆಯಲ್ಲಿ?

ಉತ್ತರ 2ರ ಪೆರ್ಲ_ಘಾಟಿ

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು, ಸಹಕಾರ ಇಲಾಖೆಗೂ ಅದು ಅನ್ವಯ. ಸಂಘಕ್ಕೆ ಬರೆಯುವಾಗ ಸದಸ್ಯ ಸಂಖ್ಯೆ, ಠೇವಣಿ ರಶೀದಿ ಸಂಖ್ಯೆ ಹಾಕಿ ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್, ತಲುಪಿದ ದಾಖಲೆಯೊಂದಿಗೆ.