ಪುಟ್ಟಿಯ ನಾಯಿಮರಿ ಆಪರೇಷನ್ ವಿಷಯ

ಪುಟ್ಟಿ, ನಿನ್ನ ಮೆಸೇಜ್ ಈಗ ಕೇಳಿದೆ. ಶೆಲ್ಟರ್‌ನಿಂದ ತಂದ ಹೆಣ್ಣು ಮರಿಗೆ ಎಂಟು ತಿಂಗಳಾಯಿತು, ಮುಂದೆ ಮರಿ ಹಾಕದ ಹಾಗೆ ಮಾಡಿಸುವ ಆಪರೇಷನ್‌ಗೆ ಮನೆ ಹತ್ತಿರದ ಕಡಿಮೆ ರೇಟಿನ ಕ್ಲಿನಿಕ್ಕೋ, ಹೆಬ್ಬಾಳದ ವೆಟರಿನರಿ ಕಾಲೇಜ್ ಆಸ್ಪತ್ರೆಯೋ, ಭಯ ಆಗ್ತಿದೆ ಅಂದೆ. ರಕ್ತ ಪರೀಕ್ಷೆ ಇಲ್ಲದೆ ಆಪರೇಷನ್ ಮಾಡುವ ಕಡೆ ಮಾತ್ರ ಹೋಗಬೇಡ ಕಣೇ.

ನಮ್ಮ ನಾಯಿ ಚಿನ್ನಿ ನೆನಪಿದ್ದಾಳಲ್ವಾ, ಅಜ್ಜಿ ಮಂಚದ ಕೆಳಗೇ ಮಲಗುತ್ತಿದ್ದವಳು? ಅವಳೂ ಶೆಲ್ಟರ್‌ನಿಂದಲೇ ಬಂದವಳು. ಕ್ಲಿನಿಕ್‌ನವರು ಮೈ ಸವರಿ ನೋಡಿ 'ಚೆನ್ನಾಗಿದ್ದಾಳೆ' ಅಂದರು, ರಕ್ತ ಪರೀಕ್ಷೆ ಮಾಡದೆ ಅವತ್ತೇ ಆಪರೇಷನ್ ಮಾಡಿಬಿಟ್ಟರು. ಒಳಗೆ ಟಿಕ್ ಫೀವರ್ ಇತ್ತು. ಉಣ್ಣೆ ಹುಳ ಕಚ್ಚಿ ಬರುವ ಆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ, ಕೊಯ್ದ ಕಡೆ ರಕ್ತ ನಿಲ್ಲುವುದಿಲ್ಲ. ನಾಯಿ ನೋಡೋಕೆ ಮಾತ್ರ ಚುರುಕಾಗಿಯೇ ಇರಬಹುದು. ರಾತ್ರಿ ಅವಳ ಒಸಡು ಬಿಳಚಿಕೊಂಡಿತು, ಹೊಟ್ಟೆ ಊದಿತು. ಕ್ಲಿನಿಕ್ ಬಾಗಿಲು ಹಾಕಿದ್ದರು, ಫೋನೂ ಎತ್ತಲಿಲ್ಲ. ನಿಮ್ಮ ದೊಡ್ಡಪ್ಪ ಆಟೋದಲ್ಲಿ ತೊಡೆ ಮೇಲೆ ಹಾಕಿಕೊಂಡು ಬೇರೆ ಆಸ್ಪತ್ರೆಗೆ ಓಡಿದರು. ಇನ್ನೊಂದು ನಾಯಿಯ ರಕ್ತ ಕೊಟ್ಟು ಉಳಿಸಿದರು. ಅದಕ್ಕೇ ಮತ್ತೆ ಹೇಳುತ್ತೇನೆ, ರಕ್ತ ಪರೀಕ್ಷೆ ಆಗದೆ ಮರಿಯನ್ನು ಟೇಬಲ್ ಮೇಲೆ ಮಲಗಿಸಲು ಬಿಡಬೇಡ.

ನಮ್ಮವರೇ ಆಗ ಏನಂದರು ಗೊತ್ತಾ? 'ಬೀದಿನಾಯಿಗೆ ಇಷ್ಟೊಂದು ದುಡ್ಡಾ' ಅಂತ. ಅದೇ ಮನೆಯಲ್ಲಿ ಲ್ಯಾಬ್ರಡಾರ್ ಮರಿಗೆ ಕೇಳಿದಷ್ಟು ಕೊಟ್ಟು ತಂದಿದ್ದರು. ಶೆಲ್ಟರ್ ನಾಯಿ ಅಂದರೆ ಜೀವ ಅಲ್ವಾ? ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗೆ ಅಂದವರು ಈ ಫ್ಯಾಮಿಲಿ ಗ್ರೂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯಿತು. ಮೊದಲು ಶೆಲ್ಟರ್‌ನವರನ್ನೇ ಕೇಳು, ಅವರು ಯಾರ ಹತ್ತಿರ ಮಾಡಿಸುತ್ತಾರೆ ಅಂತ. ಹೆಬ್ಬಾಳದಲ್ಲಿ ಕಾಯಬೇಕಾಗಬಹುದು, ಕಾದರೂ ಪರವಾಗಿಲ್ಲ. ಹತ್ತಿರದ ಕ್ಲಿನಿಕ್ಕೇ ಆದರೆ, ಆಪರೇಷನ್ ನಡೆಯುವಾಗ ಹೃದಯ, ಉಸಿರು ನೋಡುವ ಮಾನಿಟರ್ ಇದೆಯಾ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಇಷ್ಟು ಬಾಯಿಬಿಟ್ಟು ಕೇಳು. ಮರಿ ಹೀಟಿಗೆ, ಅಂದರೆ ಬೆದೆಗೆ ಬಂದಿದ್ದರೆ ಈಗ ಬೇಡ, ಆಗ ರಕ್ತ ಜಾಸ್ತಿ ಹೋಗುತ್ತದೆ. ಹಾಗಂತ ಬಿಡಬೇಡ, ಮಾಡಿಸಿದರೆ ಮುಂದೆ ಗರ್ಭಕೋಶದಲ್ಲಿ ಕೀವಾಗುವ ಕಾಯಿಲೆ ತಪ್ಪುತ್ತದೆ. ಎಷ್ಟು ಹೊತ್ತು ಮುಂಚೆ ಊಟ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳು. ಹೊಟ್ಟೆ ತುಂಬಿದ್ದರೆ ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಆಮೇಲೆ ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ, ತಲೆ ಸುತ್ತ ನಿಲ್ಲುವ ಪ್ಲಾಸ್ಟಿಕ್ ಕೋನ್ ಹಾಕು. ಡೇಟ್ ಸಿಕ್ಕ ತಕ್ಷಣ ಹೇಳು, ನಾನೂ ದೊಡ್ಡಪ್ಪನೂ ಬರುತ್ತೇವೆ.