ವಿಎಂಸಿ ಪ್ರೋಬಿನ ಸ್ಟೈಲಸ್ ಪದೇ ಪದೇ ಮುರೀತೈತಿ, ತಡೆಯೋದು ಹೆಂಗ್ರಿ?

ತಾರಿಹಾಳ_ಸೆಟ್ಟರ್:
ಫ್ಯಾನುಕ್ ಕಂಟ್ರೋಲಿನ ವಿಎಂಸಿ (ನೆಟ್ಟಗ ನಿಂತ ಸ್ಪಿಂಡಲಿನ ಮಿಲ್ಲಿಂಗ್ ಮಷಿನ್), ರೆನಿಶಾ ಓಎಂಪಿ40-2 ಪ್ರೋಬು (ಸ್ಪಿಂಡಲಿಗೆ ಹಚ್ಚಿ ಜಾಬ್ ಮುಟ್ಟಿ ಅಳಿಯೋದು), 50 ಮಿಮೀ ಸಿರಾಮಿಕ್ ಸ್ಟೈಲಸ್ (ಮುಟ್ಟೋ ಕಡ್ಡಿ), ತುದಿಗೆ 6 ಮಿಮೀ ರೂಬಿ ಬಾಲ್. ಎರಡು ತಿಂಗಳದಾಗ ಮೂರು ಹೋದವು. ಎರಡು ಕಾಸ್ಟಿಂಗ್ ಜಾಬಿನ ಮ್ಯಾಲೆ ಇಳಿಯೋವಾಗ, ಒಂದು ಬೋರಿನೊಳಗ ಅಲಾರಂ ಬಂದು ಮಷಿನ್ ಹೋಂ ಮಾಡೋವಾಗ. ಈ ಸಲ ಮುರಿದ ತುಂಡು ಪ್ರೋಬಿನ ಥ್ರೆಡ್ಡಿನ್ಯಾಗ ಉಳಿದೈತಿ. ಅದನ್ನ ತೆಗಿಯೋದು ಹೆಂಗ?

ಗೋಕುಲರೋಡ್_ಪ್ರೋಗ್ರಾಂ:
ಇಳಿಯೋವಾಗ ಜಿ0 (ಪೂರಾ ಸ್ಪೀಡಿನ ರ್‍ಯಾಪಿಡ್ ಓಟ) ಹಾಕೀರೇನು ಮೊದಲ ನೋಡ್ರಿ. ಈ ಪ್ರೋಬಿಗೆ ಝಡ್‌ನ್ಯಾಗ ಮುಟ್ಟಿದ ಮ್ಯಾಲೂ ಸರಿಯಾಕ 6 ಮಿಮೀ ಅಷ್ಟ ಓವರ್‌ಟ್ರಾವೆಲ್ ಐತಿ. ರ್‍ಯಾಪಿಡ್ 20 ಮೀಟರ್/ನಿಮಿಷ ಇದ್ರ ಆ 6 ಮಿಮೀ ಮುಗಿಯಾಕ 18 ಮಿಲಿಸೆಕೆಂಡ್ ಸಾಕು. ಅದಕ್ಕಿಂತ ದೊಡ್ಡ ಮಾತು ಅಂದ್ರ, ಜಿ0 ಒಳಗ ಪ್ರೋಬು ಮುಟ್ಟಿದ್ರೂ ಕಂಟ್ರೋಲ್ ಕೇಳೋದ ಇಲ್ಲ. ಸ್ಕಿಪ್ ಸಿಗ್ನಲ್ (ಮುಟ್ಟಿತು ಅಂತ ಪ್ರೋಬು ಕಳಸೋದು) ಕೇಳೋದು ಜಿ31 ಅಷ್ಟ. ಪ್ರೋಬು ಮಾಡೋ ರೆನಿಶಾ ಕಂಪನಿಯ ಮ್ಯಾಕ್ರೊದಾಗ (ತಯಾರಿರೋ ಸಣ್ಣ ಪ್ರೋಗ್ರಾಂ) ಪಿ9810 ಅದನ್ನ ಬಳಸ್ತೈತಿ; ನಡುವ ಏನರ ತಾಗಿದ್ರ ನಿಂತು ಅಲಾರಂ ಕೊಡ್ತೈತಿ. ಹಿಂಗ ಬರೀರಿ (9832 ಪ್ರೋಬು ಆನ್, 9811 ಮುಟ್ಟಿ ಅಳಿಯೋದು, 9833 ಆಫ್):

ಜಿ90 ಜಿ54 ಜಿ0 ಎಕ್ಸ್0 ವೈ0
ಜಿ43 ಎಚ್20 ಝಡ್100.
ಜಿ65 ಪಿ9832
ಜಿ65 ಪಿ9810 ಝಡ್10. ಎಫ್3000
ಜಿ65 ಪಿ9811 ಝಡ್0 ಎಸ್1.
ಜಿ65 ಪಿ9810 ಝಡ್100.
ಜಿ65 ಪಿ9833

ಎಚ್ ನಂಬರು (ಟೂಲ್ ಉದ್ದದ ಆಫ್‌ಸೆಟ್) ತಪ್ಪಿದ್ರ ಝಡ್100 ಅಂತ ಹೇಳಿದ್ದು ಜಾಬಿನೊಳಗ ಹೋಗಬಹುದು, ಆ ಸಾಲು ಜಿ0 ಐತಿ. ಪ್ರೋಬಿಗೆ ಒಂದ ಟೂಲ್ ನಂಬರು ಖಾಯಂ ಇಡ್ರಿ, ಅದಕ್ಕ ಎಂ3 (ಸ್ಪಿಂಡಲ್ ತಿರುಗಿಸೋ ಕೋಡ್) ಬರದಂಗ ಮಷಿನ್ ಲಾಜಿಕ್ಕಿನ ಲ್ಯಾಡರ್‌ನ್ಯಾಗ ಇಂಟರ್‌ಲಾಕ್ ಹಾಕಸ್ರಿ.

ಬೇಲೂರು_ಮೆಂಟೆನೆನ್ಸ್:
ಬೋರಿನ ಕೇಸು ರೀಸೆಟ್ ಒತ್ತಿದ ಮ್ಯಾಲಿನ ತಪ್ಪು. ಎಕ್ಸ್, ವೈ, ಝಡ್ ಮೂರೂ ಒಂದ ಸಾಲಿನ್ಯಾಗ ಜಿ28 (ಹೋಂಗೆ ಹೋಗು) ಕೊಟ್ರ ಮೂರೂ ಕೂಡಿ ಹೊಂಟು ಸ್ಟೈಲಸ್ ಗೋಡಿಗೆ ಬಡೀತೈತಿ. ಹ್ಯಾಂಡಲ್ (ಕೈಚಕ್ರ) ×10ಕ್ಕ ಇಟ್ಟು ಝಡ್ ಒಂದನ್ನ ಮ್ಯಾಲೆತ್ತಿ, ಬೋರು ಬಿಟ್ಟದ್ದು ಕಣ್ಣಾರೆ ನೋಡಿದ ಮ್ಯಾಲೆ ಉಳಿದದ್ದು. ಕರೆಂಟ್ ಹೋಗಿ ಬಂದಾಗೂ ಇದ ನಿಯಮ.

ಉಳಿದ ತುಂಡಿಗೆ ಡ್ರಿಲ್ ಹಚ್ಚಬ್ಯಾಡ್ರಿ! ಕೆಳಗ ಡಯಾಫ್ರಾಂ (ತೆಳ್ಳನ ಸೀಲ್ ಪರದೆ) ಐತಿ, ಅದು ತೂತಾದ್ರ ಕೂಲಂಟ್ ಒಳಗ ಹೋಗತೈತಿ, ಪ್ರೋಬು ಸರ್ವಿಸಿಗೆ ಕಳಸೋದ ಬಾಕಿ. ಸ್ಟೈಲಸ್ ಕಡೆ ಕೆಳಗಿರಲಿ. ಚೂಪು ಸ್ಕ್ರೈಬರಿನ ತುದಿ ತುಂಡಿನ ಅಂಚಿಗೆ ಇಟ್ಟು, ಬಡೀದ, ಮೆಲ್ಲಗ ಎಡಕ್ಕ ತಿರುಗಿಸ್ರಿ. ಥ್ರೆಡ್ ಎಂ4 ಐತಿ, ತುಂಡಿನ ಮ್ಯಾಲೆ ಲೋಡು ಇರಂಗಿಲ್ಲ, ಬಹಳ ಸಲ ಹಂಗ ಬರತೈತಿ. ಬರಲಿಲ್ಲ ಅಂದ್ರ ಬಲ ಹಾಕದ ಸರ್ವಿಸಿಗೆ ಕೊಡ್ರಿ.

ಹೊಸಾದು ಹಚ್ಚೋಕಿಂತ ಮೊದಲ ಥ್ರೆಡ್ಡಿನ ಚಿಪ್ ಒರಸ್ರಿ. ಜೊತಿಗೆ ಬಂದ ಟೂಲಿನಿಂದ ಸುಮಾರು 2 ನ್ಯೂಟನ್ ಮೀಟರ್ ಬಿಗಿ, ಪಕ್ಕಡ್ ಬ್ಯಾಡ. ಆಮ್ಯಾಲೆ ಸ್ಪಿಂಡಲ್ ಕೈಲೆ ತಿರುವಿ, ಹಗೂರ ಲೀವರ್ ಡಯಲ್ ಬಾಲ್ ಮ್ಯಾಲಿಟ್ಟು ರನೌಟ್ (ತಿರುಗೋವಾಗ ಬಾಲ್ ಎಷ್ಟು ಓಲಾಡತೈತಿ) ನೋಡ್ರಿ. ಜಾಸ್ತಿ ಇದ್ರ ಶ್ಯಾಂಕಿನ (ಪ್ರೋಬು ಹಿಡಿಯೋ ಹೋಲ್ಡರಿನ) ಗ್ರಬ್ ಸ್ಕ್ರೂ ಒಂದು ಸಡಿಲ ಮಾಡಿ ಎದುರಿನದು ಬಿಗಿ ಮಾಡ್ರಿ, 0.02 ಮಿಮೀ ಒಳಗ ತರ್ರಿ. ಕೊನಿಗೆ ಕ್ಯಾಲಿಬ್ರೇಷನ್: ಉದ್ದಕ್ಕ ಮ್ಯಾಕ್ರೊ 9801, ಎಕ್ಸ್-ವೈ ಆಫ್‌ಸೆಟ್ಟಿಗೆ 9802, ರಿಂಗ್ ಗೇಜಿನ್ಯಾಗ ಬಾಲ್ ರೇಡಿಯಸ್ಸಿಗೆ 9803. ಅದ ಸೈಜಿನ ಸ್ಟೈಲಸ್ ಅಂತ ಹಳೇ ಲೆಂಥ್ ನಂಬಿದ್ರ ಮೊದಲನೇ ಜಾಬ ರಿಜೆಕ್ಟ್.

ತಾರಿಹಾಳ_ಸೆಟ್ಟರ್:
ತುಂಡು ಹಂಗ ತಿರುಗಿಸಿದ್ರ ಬಂತು, ಧನ್ಯವಾದ ಸರ್. ಇನ್ನ ಮ್ಯಾಲೆ ಸ್ಟೀಲ್ ಸ್ಟೈಲಸ್ ಹಚ್ಚಿದ್ರ ಮುರಿಯಂಗಿಲ್ಲಲ್ರಿ?

ಬೇಲೂರು_ಮೆಂಟೆನೆನ್ಸ್:
ಹಂಗ ಹಚ್ಚಬ್ಯಾಡ್ರಿ. ಸಿರಾಮಿಕ್ ತಾನು ಮುರಿದು ಪ್ರೋಬು ಉಳಸ್ತೈತಿ. ಸ್ಟೀಲ್ ಬಗ್ಗತೈತಿ, ಪೆಟ್ಟು ಒಳಗ ಹೋಗತೈತಿ. ಸ್ಟೀಲ ಬೇಕಂದ್ರ ನಡುವ ವೀಕ್ ಲಿಂಕ್ (ಪೆಟ್ಟು ಬಿದ್ರ ತಾನ ಮುರಿಯೋ ಜೋಡಣಿ) ಹಾಕ್ರಿ, ಬಿಗಿ ಮಾಡೋವಾಗ ಲಿಂಕಿನ ಮುಖಕ್ಕ ಸ್ಪ್ಯಾನರ್ ಹಿಡೀರಿ. ಇಲ್ಲಾಂದ್ರ ಕೈಯಾಗ ಮುರೀತೈತಿ. ಸಿರಾಮಿಕ್ಕಿಗೆ ವೀಕ್ ಲಿಂಕ್ ಬೇಕಾಗಂಗಿಲ್ಲ, ಅಳತಿ ಕೆಡತೈತಿ.